ಮೂರನೆಯ ಕೂಗು

"ಹಾಜರಿದ್ದಾರೇಏಏ!" ಎಂಬ ಕೂಗಿಗೆ ಕೋರ್ಟಿನ ಪಡಸಾಲೆಯ ಪಾರಿವಾಳಗಳೂ ಹಾಜರಾಗುತ್ತವೆ. ಕೂಗುವ ಜವಾನನಿಗೆ ಮೊದಲೆರಡು ಕೂಗು ಸಂಬಳದ ಕೆಲಸ. ಮೂರನೆಯದು ಅವನ ಸ್ವಂತದ್ದು. ಅದಕ್ಕೂ ಬಾರದವರ ಮಾತು ಕೇಳದೆಯೇ ತೀರ್ಪಾಗುತ್ತದೆ. ಹಾಗಾಗಿ ಅವನು ಕೆಮ್ಮುತ್ತಾನೆ, ಬೆಲ್ಟು ಬಿಗಿಯುತ್ತಾನೆ, ಹೆಸರನ್ನು ರಾಗದಂತೆ ಎಳೆಯುತ್ತಾನೆ. "ಮೂರನೇದು ಕೂಗಿದ್ಯೇನಯ್ಯಾ?" ಎಂದು ನ್ಯಾಯಾಧೀಶರು ಗದರಿದರೆ, "ಕೂಗ್ತಾ ಇದೀನಿ ಸ್ವಾಮಿ, ಇನ್ನೂ ಮುಗಿದಿಲ್ಲ" ಅನ್ನುತ್ತಾನೆ. ಅವನ ಅವ್ವ ಹಿಂದೊಮ್ಮೆ ಇಲ್ಲೇ ನೀರು ಕುಡಿಯಲು ಹೋಗಿ, ಕೂಗು ಕೇಳಿಸದೆ, ಇದ್ದ ಮನೆ ಕಳೆದುಕೊಂಡಿದ್ದಳು. ಇಂದು ಕಿವಿ ಮಂದವಾದ ಬಾಡಿಗೆಮನೆಯ ಮುದುಕಿಯೊಬ್ಬಳು ಮೂರನೆಯ ಕೂಗಿನ ಬಾಲ ಹಿಡಿದು ಒಳಗೆ ಓಡಿದಳು. ಹೊರಬಂದಾಗ ಮುಖ ಅರಳಿತ್ತು. "ಎಲ್ಲಾ ಹೇಳ್ದೆ ಕಣಪ್ಪಾ, ಕೊನೇವರೆಗೂ ಕೇಳಿದ್ರು! ಮನೆ ಬಿಡೋದು ಬೇಡವಂತೆ. ನಿನ್ನ ಹೆತ್ತ ಹೊಟ್ಟೆ ತಣ್ಣಗಿರ್ಲಿ! ಅಲ್ಲಾ, ನಿಮ್ಮವ್ವ ಈಗ..." ಜವಾನ ಆಗಲೇ ಬಾಗಿಲಿನತ್ತ ನಡೆದಿದ್ದ, ಮುಂದಿನ ಹೆಸರನ್ನು ಎಳೆಯುತ್ತ.