ಜಯಮ್ಮನವರ ಎರಡು ಹೆಮ್ಮೆ

ರೇಡಿಯೋದ ಧ್ವನಿಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲಾದವನು. ನಮ್ಮ ಕೆ.ಆರ್. ಪೇಟೆ ಕಡೆಯ ನಾಲಿಗೆಗೆ 'ಹ' ಹತ್ತುವುದಿಲ್ಲ. 'ಹಾಲು' ಅನ್ನುವ ಕಡೆ 'ಆಲು' ಅಂದಿದ್ದೆ. ಹಠ ಹಿಡಿದು, ಕಬ್ಬಿನ ಗದ್ದೆಯಲ್ಲಿ ಒಬ್ಬನೇ ಕೂಗಿ ಕೂಗಿ ತಿದ್ದಿಕೊಂಡು, ಮೂರನೇ ಸಲ ಪಾಸಾದೆ.

ತೊಂಬತ್ತರ ದಶಕದಲ್ಲೊಮ್ಮೆ ಕೃಷಿ ಕಾರ್ಯಕ್ರಮಕ್ಕೆಂದು ಬೂಕನಕೆರೆಗೆ ಹೋಗಿ, ಡೈರಿಗೆ ಹಾಲು ಹಾಕುವ ಜಯಮ್ಮನವರ ಮುಂದೆ ಮೈಕು ಹಿಡಿದೆ. ಅವರು ಸೆರಗು ಸರಿಮಾಡಿಕೊಂಡು, "ನಮ್ಮ ಮನೆಯಲ್ಲಿ ಎರಡು ಹೆಮ್ಮೆಗಳಿವೆ" ಎಂದರು.

"ಎಮ್ಮೆ ಅನ್ನಿ ಅಮ್ಮ. ಮನೇಲಿ ಮಾತಾಡೋ ಹಾಗೇ ಮಾತಾಡಿ."

"ಸುಮ್ಕಿರಪ್ಪ, ಅಂಗೆ ಮಾತಾಡಿದ್ರೆ ರೇಡಿಯೋದೋರು ಬುಟ್ಟಾರಾ? ದಿನಾ ನಿನ್ ಮಾತ್ ಕೇಳ್ಕೊಂಡೇ ನಾನು ಕಲ್ತಿರೋದು."

ಎಷ್ಟು ಹೇಳಿದರೂ ಜಗ್ಗಲಿಲ್ಲ, ಹಾಗೇ ಪ್ರಸಾರವಾಯಿತು. ಕೇಳಿದ ನಮ್ಮವ್ವ, "ಎಷ್ಟ್ ಸುದ್ದವಾಗಿ ಮಾತಾಡುದ್ಲು! ನಿನ್ಗಿಂತ ಆಯಮ್ಮನೇ ವಾಸಿ ಕಣ್ಲಾ" ಅಂದಳು.