ಒಂಟಿ ಮೀನಿನ ಮೊಟ್ಟೆಗಳು

ಇಂಥದ್ದನ್ನು ಕಣ್ಣಾರೆ ಕಂಡೆ ಎಂದು ಯಾರಾದರೂ ಹೇಳಿದರೆ ನಾನು ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಈಗ ನಗುವುದಿಲ್ಲ, ನಂಬುತ್ತೇನೆ ಎಂದೂ ಹೇಳಲಾರೆ.

ಕೆಲವು ವರ್ಷಗಳ ಹಿಂದೆ ಊಟಿ ಹತ್ತಿರದ ತುಮ್ಮನಟ್ಟಿಯ ನಮ್ಮ ಮನೆಯಲ್ಲಿ ಒಂದು ಜೋಡಿ ಸಮುದ್ರದ ಏಂಜೆಲ್ ಮೀನುಗಳಿದ್ದವು. ಬೆರಳುದ್ದ, ಕೆಂಡದ ಬಣ್ಣ; ಗಂಡು ತುಸು ದೊಡ್ಡದು. ಉಪ್ಪು ಬೆರೆಸಿದ ನೀರನ್ನು ಹೀಟರ್ ಹಾಕಿ ಬೆಚ್ಚಗಿಟ್ಟು ಸಾಕುತ್ತಿದ್ದೆ. ಸಂಜೆ ತೊಟ್ಟಿಯ ದೀಪ ಮಂಕಾಗುತ್ತಿದ್ದಂತೆ ಗಂಡು ಹೆಣ್ಣಿನ ಹೊಟ್ಟೆಗೆ ಮೂತಿ ತಾಗಿಸುತ್ತ ಜೊತೆಯಾಗಿ ಮೇಲೇರುತ್ತಿತ್ತು. ಮರುಕ್ಷಣ ಗಾಜಿನ ಹುಡಿಯಂಥ ಮೊಟ್ಟೆಗಳು ತೇಲುತ್ತಿದ್ದವು. ಅದನ್ನು ನೋಡಲೆಂದೇ ನನ್ನ ತಾಯಿ, ನಮ್ಮ ಮಾತಿನಲ್ಲಿ ಅವ್ವೆ, ಕ್ಯಾರೆಟ್ ಹೊಲದಿಂದ ಬಂದು ಕಾಲು ತೊಳೆದು ಕೂರುತ್ತಿದ್ದಳು. ಎರಡು ವರ್ಷ ಒದ್ದಾಡಿದರೂ ಒಂದು ಮರಿಯೂ ಮೂರು ದಿನ ದಾಟಿರಲಿಲ್ಲ.

ಅವ್ವೆ ತನ್ನ ತಂಗಿಯ ಹಟ್ಟಿಗೆ ಹೋಗಿದ್ದ ವಾರ ನಾನೂ ಶಾಲೆಯ ಕೆಲಸಕ್ಕೆಂದು ಒಂದು ದಿನ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿ ಉಳಿಯಬೇಕಾಯಿತು. ಗಾಳಿಗೆ ಮರ ಬಿದ್ದು ಊರಿನ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಸರಿಮಾಡಿಸುವುದನ್ನು ನಾನೇ ಮುಂದೂಡಿದ್ದೆ. ಮರಳಿ ಬಂದಾಗ ನೀರು ತಣ್ಣಗಾಗಿ ಗಂಡು ಸತ್ತಿತ್ತು. ಹಿತ್ತಲಲ್ಲಿ ಹೂತೆ. ತಪ್ಪು ನನ್ನದು, ಆಗ ಯಾರಿಗೂ ಹೇಳಲಿಲ್ಲ. ಹೆಣ್ಣು ನಾಲ್ಕು ದಿನ ಕಲ್ಲಿನ ಸಂದಿ ಬಿಟ್ಟು ಬರಲಿಲ್ಲ.

ಐದನೆಯ ಸಂಜೆ ಇನ್ವರ್ಟರಿಗೆ ಹೊಸ ಬ್ಯಾಟರಿ ಕೊಳ್ಳಲು ಊಟಿಗೆ ಹೋಗಿ ಬಂದೆ. ಅವ್ವೆ ಮರಳಿದ್ದಳು, ತೊಟ್ಟಿಯ ಮುಂದೆ ಕೂತಿದ್ದಳು. ಬಾಗಿಲಿನಿಂದ ನುಗ್ಗಿದ ಮಂಜು ಕೋಣೆಯಲ್ಲೆಲ್ಲ ತೆಳುವಾಗಿ ಹರಡಿತ್ತು. ನೀಲಿ ಬೆಳಕು ಅವಳ ಮುಖದ ಮೇಲೆ ಮೆಲ್ಲಗೆ ಅಲೆಯುತ್ತಿತ್ತು.

"ಎರಡೂ ಏರಿತ್ತು," ಎಂದಳು. "ನಾ ಕಂಡೆ."

ನಾನು ಬಗ್ಗಿ ನೋಡಿದೆ. ತೊಟ್ಟಿಯಲ್ಲಿದ್ದದ್ದು ಹೆಣ್ಣು ಮಾತ್ರ. ಆದರೆ ನೀರಿನ ಮೇಲೆ ಮೊಟ್ಟೆಗಳಿದ್ದವು.

ಗಂಡಿಲ್ಲದೆಯೂ ಹೆಣ್ಣು ಮೊಟ್ಟೆ ಚೆಲ್ಲಬಹುದು ಎಂದು ಸಮಾಧಾನ ತಂದುಕೊಂಡೆ. ಅಂಥವು ಬೆಳಗಾಗುವುದರೊಳಗೆ ಬಿಳಿಚಿ ಕೆಡಬೇಕು. ಬೋಗುಣಿಗೆ ತೆಗೆದಿಟ್ಟ ಇವು ತಿಳಿಯಾಗಿಯೇ ಉಳಿದು ಮರುಸಂಜೆ ಒಡೆದವು. ಕಣ್ಣಿಲ್ಲದ, ಬಾಯಿಲ್ಲದ, ರೆಪ್ಪೆಗೂದಲಿಗಿಂತ ಸಣ್ಣ ಮರಿಗಳು ನೀರಿನಲ್ಲಿ ತೂಗುತ್ತಿದ್ದವು. ಮೂರನೆಯ ದಿನ ಕಣ್ಣು ಕಪ್ಪಾಯಿತು, ಬಾಯಿ ತೆರೆಯಿತು. ಶಾಲೆಗೆ ರಜೆ ಹಾಕಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳುಗಳನ್ನು ಹನಿಹನಿಯಾಗಿ ಬಿಟ್ಟು ಉಣಿಸಿದೆ. ಆರು ದಿನ ಬದುಕಿದವು. ಏಳನೆಯ ಬೆಳಿಗ್ಗೆ ಬೋಗುಣಿಯಲ್ಲಿ ಬರೀ ನೀರಿತ್ತು.

ಮೀನು ಸಾಕುವ ಗೆಳೆಯನೊಬ್ಬ ಎಲ್ಲ ಕೇಳಿ, ನೀನು ದಿನ ತಪ್ಪಿ ಎಣಿಸಿರಬೇಕು ಎಂದ. ಒಪ್ಪಿಕೊಳ್ಳಲು ನಾನೂ ಬಹಳ ಪ್ರಯತ್ನಪಟ್ಟೆ. ಆದರೆ ಆ ಮೀನನ್ನು ಹೂತವನು ನಾನೇ.

ಮುಂದೆ ಒಂದು ದಿನ ಅವ್ವೆ, ದೊಡ್ಡದು ಕಾಣುವುದಿಲ್ಲವಲ್ಲ ಎಂದಳು. ಸತ್ತುಹೋಯಿತು ಎಂದೆ. ಯಾವತ್ತು ಸತ್ತಿತು ಎಂದು ಕೇಳಿದಳು.

ಅದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.