ಮಂಚದ ಕೆಳಗಿದ್ದವಳನ್ನು ಕರೆದವರು

ಕಣ್ಣಿಗೆ ಕಾಣದವರ ದನಿ ಕೇಳಿತೆಂದು ಯಾರಾದರೂ ಹೇಳಿದರೆ, ಪಾಪ, ನಿದ್ದೆ ಕೆಟ್ಟಿರಬೇಕು ಎಂದುಕೊಳ್ಳುತ್ತಿದ್ದವಳು ನಾನು. ನೀವೂ ಹಾಗೆಂದುಕೊಂಡರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಷ್ಟೇ ಬರೆಯುತ್ತೇನೆ.

ನಾನು ಹುಟ್ಟಿದ್ದು ಜಾಫ್ನಾದ ಹತ್ತಿರ. ಯುದ್ಧದ ದಿನಗಳಲ್ಲಿ ಶೆಲ್ ಬೀಳತೊಡಗಿದರೆ ಅಂಗಳದಲ್ಲಿ ತೋಡಿದ ಗುಂಡಿಗೆ ಇಳಿಯುತ್ತಿದ್ದೆವು. ಎಲ್ಲ ತಣ್ಣಗಾದ ಮೇಲೆ ಅಮ್ಮ ಮೊದಲು ಹತ್ತಿ ನೋಡಿ, "ಮುಡಿಂಜುದು, ವಾ ಪಿಳ್ಳೈ" ಎನ್ನುವಳು. ಮುಗಿಯಿತು, ಬಾ ಮಗೂ ಎಂದರ್ಥ. ಅವಳು ಕರೆಯದೆ ನಾನು ಮೇಲೆ ಬರಕೂಡದು. ಒಂದು ದಿನ ಹತ್ತಿ ಹೋದವಳು ಕರೆಯಲಿಲ್ಲ. ಸಂಜೆ ಯಾರೋ ನನ್ನನ್ನು ಎತ್ತಿ ಹೊರತಂದರು. ಅಮ್ಮನನ್ನು ನೋಡಲು ಬಿಡಲಿಲ್ಲ.

ಚಿಕ್ಕಮ್ಮ ನನ್ನನ್ನು ಬಂಗಾರಪೇಟೆಗೆ ಕರೆತಂದು, ಕನ್ನಡ ಶಾಲೆಗೆ ಸೇರಿಸಿ ಸಾಕಿದಳು. ಮದುವೆಯಾಗಿ ಚಾಂಪಿಯನ್ ರೀಫ್ಸ್‌ನ ಹಳೆಯ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿಗೆ ಬಂದೆ. ಗಣಿ ಮುಚ್ಚಿದ್ದರೂ ಆಳದಲ್ಲಿ ಬಂಡೆ ಸಿಡಿದು ನೆಲ ಆಗಾಗ ಅದುರುತ್ತಿತ್ತು. ಇಲ್ಲಿನವರು ಸದ್ದು ಕೇಳಿದೊಡನೆ ಬೀದಿಗೆ ಓಡುತ್ತಾರೆ. ನಾನು ಮಂಚದ ಕೆಳಗೆ ನುಗ್ಗುತ್ತಿದ್ದೆ. ಎಷ್ಟು ಬುದ್ಧಿ ಹೇಳಿಕೊಂಡರೂ ಕಾಲು ಒಳಕ್ಕೇ ಎಳೆಯುತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಜೋರಾಗಿಯೇ ಅದುರಿತು. ಗೋಡೆಯ ಗಾರೆ ಉದುರಿತು, ನಾನು ಮಂಚದ ಕೆಳಗೆ ಸೇರಿದೆ. ಅತ್ತೆ ಬೀದಿಯಿಂದ ಕೂಗಿದರು: "ಆಚಿಗೆ ಬಾರಮ್ಮೋ, ಗೋಡೆ ಬಿದ್ದಾತು!"

ಪಕ್ಕದ ಮನೆಯಾಕೆ, "ನಿನ್ ಸೊಸೆ ಕಾವಿಗೆ ಕುಂತವ್ಳೆ ಕಣಕ್ಕಾ, ಮರಿ ಆಗೋಗಂಟ ಏಳಲ್ಲ" ಎಂದಳು. ಯಾರೋ ನಕ್ಕರು. ನನಗೆ ಎಲ್ಲವೂ ಕೇಳುತ್ತಿತ್ತು, ಮೈ ಮಾತ್ರ ಅಲುಗಲಿಲ್ಲ.

ಆಗ ಕೋಣೆಯ ಬಾಗಿಲ ಬಳಿ ಯಾರೋ, ಅವಸರವಿಲ್ಲದ ದನಿಯಲ್ಲಿ, "ಮುಡಿಂಜುದು, ವಾ ಪಿಳ್ಳೈ" ಎಂದರು. ನಾನು ತೆವಳಿ ಹೊರಬಂದು, ಎದ್ದು, ಬೀದಿಗೆ ನಡೆದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಅತ್ತೆ ನನ್ನ ತಲೆಯ ಮೇಲಿನ ಗಾರೆ ಕೊಡವುತ್ತ ಕೇಳಿದರು: "ಒಳಗ್ಯಾರಮ್ಮಾ ಇದ್ದೋರು? ಯಾರೋ ಎಂಗಸು ಕರ್ದಂಗಾಯ್ತು."

ಲೈನಿನವರೆಲ್ಲ ಬೀದಿಯಲ್ಲೇ ಇದ್ದರು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು, ಹೋಗಿ ನೋಡಿದೆ. ಅಮ್ಮನ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಆಮೇಲೆಯೂ ನೆಲ ಅದುರಿದೆ. ನಾನು ಎಲ್ಲರ ಜೊತೆ ಬೀದಿಗೆ ಓಡಿದ್ದೇನೆ, ಒಮ್ಮೆಯಂತೂ ಪಕ್ಕದ ಮನೆಯಾಕೆಗಿಂತ ಮುಂಚೆ. 

ಆಮೇಲೆ ನಾನು ಎಲ್ಲ ಹೇಳಿದಾಗಿನಿಂದ, ಬಂದದ್ದು ನಮ್ಮಮ್ಮನೇ ಎಂದು ಅತ್ತೆ ನಂಬಿದ್ದಾರೆ. ನಾನು ಹೌದೆನ್ನಲಾರೆ. ಅಮ್ಮನ ದನಿ ಹೇಗಿತ್ತೆಂಬುದು ಅಷ್ಟು ಹೊತ್ತಿಗೆ ನನಗೆ ಪೂರ್ತಿ ಮರೆತುಹೋಗಿತ್ತು. ಈಗ ಅಮ್ಮನನ್ನು ನೆನೆದರೆ, ಆ ಮಧ್ಯಾಹ್ನದ ದನಿಯೇ ಕೇಳುತ್ತದೆ.